ಮೊದಲ ಹೆಡಿಗೆ ಮಣ್ಣು

ನಮ್ಮ ಶ್ರಾವ್ಯ ಪಾಸಾದಳು.

ಇದನ್ನು ಮೊದಲು ಹೇಳಿಬಿಡುತ್ತೇನೆ, ಹಿಂದುಮುಂದು ಎಲ್ಲ ಆಮೇಲೆ. ಬೆಳಿಗ್ಗೆ ಹನ್ನೊಂದಕ್ಕೆ ಫೋನಿನಲ್ಲಿ ರಿಸಲ್ಟು ಬಂತು. ಹನ್ನೊಂದೂವರೆಯೊಳಗೆ ನಾನು ಅದನ್ನು ಹಾಲಿನ ಡೈರಿಯವರಿಗೆ, ರಿಕ್ಷಾ ಸ್ಟ್ಯಾಂಡಿನವರಿಗೆ, ಹಟ್ಟಿಯಂಗಡಿ ದೇವಸ್ಥಾನಕ್ಕೆ ದಾರಿ ಕೇಳಲು ಕಾರು ನಿಲ್ಲಿಸಿದ ಯಾರೋ ಪರವೂರಿನವರಿಗೆ, ಎಲ್ಲರಿಗೂ ಹೇಳಿ ಮುಗಿಸಿದ್ದೆ. ಕಾರಿನವರಿಗೆ ದಾರಿ ಹೇಳಿದೆನೋ ಇಲ್ಲವೋ ನೆನಪಿಲ್ಲ. ದೇವರು ಮುಟ್ಟಿಸಿರಬಹುದು.

ಮೊಮ್ಮಗಳು ಪಾಸಾದ ವಿಷಯದ ಹೆಸರು 'ಆಧುನಿಕ ಪಾಶ್ಚಾತ್ಯ ರಾಜಕೀಯ ಚಿಂತನೆಯ ಇತಿಹಾಸ'. ಇದನ್ನು ನಡುವೆ ಉಸಿರು ತೆಗೆಯದೆ ಹೇಳುವುದನ್ನು ಕಲಿಯಲು ನನಗೆ ಎರಡು ತಿಂಗಳು ಹಿಡಿಯಿತು. ರಿಕ್ಷಾ ಸ್ಟ್ಯಾಂಡಿನಲ್ಲಿ ಒಂದಕ್ಷರ ಬಿಡದೆ ಹೇಳಿದೆ. ಅಲ್ಲಿದ್ದವನೊಬ್ಬ ಗೌರವದಿಂದ ಬೀಡಿ ಕೆಳಗಿಳಿಸಿ, "ಅಜ್ಜಯ್ಯಾ, ಅದ್ ಯಾವ ಕಾಯಿಲಿಗೆ ಓದೂದ್?" ಎಂದು ಕೇಳಿದ. ಎಲ್ಲ ಕಾಯಿಲೆಗೂ ಎಂದೆ. ಪುಸ್ತಕ ಪೂರ್ತಿ ಕೇಳಿದವನಾದ್ದರಿಂದ ಆ ಉತ್ತರ ತೀರಾ ತಪ್ಪೇನಲ್ಲ ಎಂದು ಈಗಲೂ ನನ್ನ ನಂಬಿಕೆ.

ಮನೆಗೆ ಬಂದ ಮೇಲೆ ಕುಣಿಯಬೇಕೆನಿಸಿತು. ಮೊಣಕಾಲು ಒಪ್ಪಲಿಲ್ಲ. ಕೊಟ್ಟಿಗೆಗೆ ಹೋಗಿ ಕುಳಿತೆ. ಈಗ ಅದು ದನವಿಲ್ಲದ ಕೊಟ್ಟಿಗೆ. ಕಟ್ಟಿಗೆ, ಒಂದು ಹಳೆಯ ಸೈಕಲ್ಲು, ಆಗಾಗ ನಾನು. ತಲೆ ಎತ್ತಿದರೆ ತೊಲೆಯಲ್ಲಿ ಹೆಡಿಗೆ ನೇತಾಡುತ್ತಿತ್ತು. ಮಣ್ಣು ಹೊರುವ ದೊಡ್ಡ ಬುಟ್ಟಿ ಅದು. ತಳ ಹರಿದು ಎಷ್ಟೋ ವರ್ಷವಾಯಿತು. ಅದನ್ನು ಕಂಡದ್ದೇ ನನ್ನ ಸಂತೋಷದ ಬಾಯಿಗೆ ಅನ್ನದೊಳಗಿನ ಕಲ್ಲು ಸಿಕ್ಕಿದ ಹಾಗಾಯಿತು. ಶ್ರಾವ್ಯ ಪಾಸಾದದ್ದರಲ್ಲಿ ಆ ಹೆಡಿಗೆಗೂ ಒಂದು ಪಾಲಿದೆ. ಆ ಪಾಲಿನ ವಿಷಯದಲ್ಲಿ ನಾನು ಮೊಮ್ಮಗಳಿಗೆ ಒಂದು ಸುಳ್ಳು ಹೇಳಿದ್ದೆ. ಅವಳು ಅದನ್ನು ಪರೀಕ್ಷೆಯಲ್ಲಿ ಬರೆದು ಬಂದಿದ್ದಳು.

ಈಗ ಹಿಂದಿನದ್ದು ಹೇಳುತ್ತೇನೆ.

ಶ್ರಾವ್ಯ ಎಂ.ಎ. ಓದುವವಳು. ಉಳಿದದ್ದೆಲ್ಲ ಪಾಸು ಮಾಡಿ, ಹೋದ ಸಲ ಇದೊಂದು ಪೇಪರಿನಲ್ಲಿ ಫೇಲಾದಳು. ಅವಳ ತಾಯಿ, ಎಂದರೆ ನನ್ನ ಮಗಳು ಸುಜಾತ, ಗೇರುಬೀಜದ ಕಾರ್ಖಾನೆಯಲ್ಲಿ ಬೀಜದ ಸಿಪ್ಪೆ ತೆಗೆಯುತ್ತಾಳೆ. ಬೆರಳ ತುದಿಯೆಲ್ಲ ಕಪ್ಪು. ಅವಳು ಮಾತು ಕಡಿಮೆಯವಳು, ಆಡಿದರೆ ಮೊಳೆ ಹೊಡೆದ ಹಾಗೆ. "ಇನ್ನೊಂದ್ ಸಲ ಕಾಂಬ," ಎಂದಳು, "ಆಯ್ಲಿಲ್ಲ ಅಂದ್ರೆ ನಾಡಿದ್ದಿಂದ ನನ್ನ ಸಂಗ್ತಿಗೆ ಕಾರ್ಖಾನಿಗೆ ಬಾ. ನಾನೂ ನಿಮ್ಮಪ್ಪನೂ ಎಷ್ಟ್ ದಿನ ಅಂದೇಳಿ ಎಳೂದ್?" ಅಳಿಯ ಬೈಂದೂರು ಕಡೆಯ ಬಸ್ಸಿನ ಡ್ರೈವರ್, ಅವನು ಮನೆಯಲ್ಲಿ ಹಾರ್ನ್ ಕೂಡ ಹಾಕುವುದಿಲ್ಲ. ಹಾಗಾಗಿ ಸುಜಾತ ಹೇಳಿದ್ದೇ ತೀರ್ಮಾನ. ಶ್ರಾವ್ಯ ಪುಸ್ತಕ ಹಿಡಿದು ಜಗಲಿಗೆ ಬಂದಳು.

ಜಗಲಿಯಲ್ಲಿ ನನ್ನ ಹೆಂಡತಿ ಗಿರಿಜ ಮಧ್ಯಾಹ್ನ ಉಂಡ ಮೇಲೆ ಪೊರಕೆಗೆಂದು ತೆಂಗಿನ ಗರಿಯಿಂದ ಹಿಡಿಕಡ್ಡಿ ತೆಗೆಯುತ್ತ ಕೂತಿರುತ್ತಾಳೆ. ಪಕ್ಕದಲ್ಲಿ ನಾನು ಏನೂ ಮಾಡದೆ ಕೂತಿರುತ್ತೇನೆ. ಗಟ್ಟಿಯಾಗಿ ಓದಿದರೆ ತಲೆಗೆ ಹತ್ತುತ್ತದೆ ಎಂದು ಶ್ರಾವ್ಯ ನಮ್ಮಿಬ್ಬರ ನಡುವೆ ಕೂತು ಓದತೊಡಗಿದಳು. ಅವಳ ತಲೆಗೆ ಎಷ್ಟು ಹತ್ತಿತೋ, ನಮ್ಮ ತಲೆಗಂತೂ ಹತ್ತಿ ಕೂತಿತು.

ಆ ಪುಸ್ತಕದ ದೊಡ್ಡವರ ಹೆಸರುಗಳು ನನ್ನ ನಾಲಿಗೆಗೆ ಬರುವಂಥವಲ್ಲ. ಹೆಸರು ತಪ್ಪು ಹೇಳಿ ಸತ್ತವರಿಗೆ ಅವಮಾನ ಮಾಡುವುದು ಬೇಡ ಎಂದು ಅವರ ಚಿತ್ರ ನೋಡಿ ನಾನೇ ಗುರುತು ಇಟ್ಟುಕೊಂಡೆ. ಮೊದಲಿನವರು ತೆಳುತುಟಿಯವರು, ರಾಜನಾದವನು ಕುರ್ಚಿ ಉಳಿಸಿಕೊಳ್ಳುವುದು ಹೇಗೆ ಎಂದು ಬರೆದವರು. ನಗುತ್ತಿದ್ದಾರೋ ಇಲ್ಲವೋ ಎಂದು ಕೊನೆಗೂ ತಿಳಿಯದ ಮುಖ. ಆಮೇಲೆ ಚೂಪುಗಡ್ಡದವರು: ಮೇಲೆ ಒಬ್ಬ ಗಟ್ಟಿ ಯಜಮಾನ ಇಲ್ಲದಿದ್ದರೆ ಜನ ಒಬ್ಬರ ಕುತ್ತಿಗೆ ಒಬ್ಬರು ಹಿಡಿಯುತ್ತಾರೆ ಎಂಬ ಹೆದರಿಕೆ ಅವರದು. ಉದ್ದಮುಖದವರ ಪ್ರಕಾರ ಬೆವರು ಸುರಿಸಿದವನಿಗೇ ಭೂಮಿ, ನಾವು ಒಪ್ಪಿದರೆ ಮಾತ್ರ ಆಳುವವನು ಆಳುವವನು. ತುಪ್ಪಟದ ಟೊಪ್ಪಿಯವರು ಇನ್ನೂ ಮುಂದೆ ಹೋಗಿ, ಎಲ್ಲರೂ ಕೂಡಿದರೆ ಎಲ್ಲರೂ ಯಜಮಾನರೇ ಎಂದರು. ಕೊನೆಗೆ ಬಂದ ದೊಡ್ಡಗಡ್ಡದವರು ದುಡಿಯುವವರು ಯಾರು, ಉಣ್ಣುವವರು ಯಾರು ಎಂಬ ಒಂದೇ ಪ್ರಶ್ನೆ ಹಿಡಿದು ಕೂತವರು.

ನಾನು ಇವರನ್ನೆಲ್ಲ ನಮ್ಮ ಬೈಲಿನ ಸುತ್ತ ಒಂದೊಂದು ಮನೆಯಲ್ಲಿ ಕೂರಿಸಿಬಿಟ್ಟಿದ್ದೆ. ಚೂಪುಗಡ್ಡದವರಿಗೆ ಮೇಲಿನ ದೊಡ್ಮನೆ. ಉದ್ದಮುಖದವರಿಗೆ ತೋಡಿನಾಚೆಯ, ಎಂದರೆ ಹಳ್ಳದಾಚೆಯ, ಹೊಸ ಹಂಚಿನ ಮನೆ. ತುಪ್ಪಟದ ಟೊಪ್ಪಿಯವರು ಮನೆ ಕೊಟ್ಟರೂ ನಿಲ್ಲುವವರ ಹಾಗೆ ಕಾಣಲಿಲ್ಲ. ಅವರಿಗೆ ಗದ್ದೆಯ ಅಂಚೇ ಸಾಕು ಎಂದು ಬಿಟ್ಟೆ. ಪುಟಪುಟಕ್ಕೂ ಇವರು ಅವರನ್ನು ಅಲ್ಲಗಳೆದರು, ಅವರು ಇವರನ್ನು ತಿದ್ದಿದರು ಎಂದೇ ಬರುತ್ತಿತ್ತಲ್ಲ, ಹತ್ತಿರದವರಲ್ಲದೆ ಇಷ್ಟು ಜಗಳ ಯಾರು ಆಡುತ್ತಾರೆ? ಒಂದು ದಿನ ಕೇಳಿಯೇ ಬಿಟ್ಟೆ.

"ಅಲ್ಲ ಮಗಾ, ಇಷ್ಟ್ ಜಗಳ ಇತ್ತಲ್ಲ, ಒಬ್ರ ಮನೆ ಮದಿ ಊಟಕ್ಕೆ ಇನ್ನೊಬ್ರ್ ಹೋತಿದ್ರಾ?"

ಶ್ರಾವ್ಯ ಪುಸ್ತಕ ಮುಚ್ಚಿದಳು. "ಅಜ್ಜಯ್ಯಾ, ಒಬ್ರ್ ಸತ್ತ್ ಎಷ್ಟೋ ವರ್ಷ ಆದ್ಮೇಲೆ ಇನ್ನೊಬ್ರ್ ಹುಟ್ಟಿದ್ದ್. ಊರೂ ಬೇರೆ ಬೇರೆ."

"ಹಾಂಗಾರೆ ಸತ್ತವ್ರ ಹತ್ರ ಜಗಳ ಆಡೂದಾ?"

"ಹೌದ್."

ಗಿರಿಜ ಕಡ್ಡಿಯಿಂದ ಕಣ್ಣೆತ್ತದೆ, "ನಿಮ್ಮಪ್ಪಯ್ಯನ ಹತ್ರ ನೀವ್ ಈಗ್ಲೂ ಆಡ್ತಿಲ್ಲೆಯಾ?" ಎಂದಳು. ಆ ವಿಷಯ ಅಲ್ಲಿಗೆ ಮುಗಿಯಿತು.

ಇನ್ನೊಂದು ದಿನ ಅವಳೇ ಕೇಳಿದಳು, "ಹೆಣೆ, ಇಷ್ಟ್ ದಪ್ಪ ಪುಸ್ತಕದಲ್ ಹೆಂಗಸ್ರ್ ಯಾರೂ ಇಲ್ದಾ?" ಶ್ರಾವ್ಯ ಹುಡುಕಿ ಒಂದು ಚಿತ್ರ ತೋರಿಸಿದಳು. ಗಂಡುಮಕ್ಕಳಿಗೆ ಕಲಿಸಿದ್ದನ್ನೇ ಹೆಣ್ಣುಮಕ್ಕಳಿಗೂ ಕಲಿಸಿ, ಅವರಿಗೂ ಬುದ್ಧಿ ಇದೆ ಎಂದು ಬರೆದ ಒಬ್ಬಾಕೆ. ಎರಡು ಪುಟ. ಗಿರಿಜ ಕನ್ನಡಕ ಹಾಕಿಕೊಂಡು ಚಿತ್ರವನ್ನು ಬಹಳ ಹೊತ್ತು ನೋಡಿ, "ಪಾಪ, ಗಂಡಸ್ರ್ ನಡುವೆ ಎಷ್ಟ್ ಒತ್ತಿಕಂಡ್ ಕೂತಿತ್ ಕಾಣ್," ಎಂದು ಪುಸ್ತಕ ವಾಪಸು ಕೊಟ್ಟಳು.

ನನ್ನ ರಾಜಕೀಯ ಅನುಭವ ಒಂದೇ. ಮೂರನೇ ಕ್ಲಾಸಿನಲ್ಲಿ ಮಾಷ್ಟ್ರು ಹೊರಗೆ ಹೋಗುವಾಗ ನನ್ನನ್ನು ನಿಲ್ಲಿಸಿ, ಮಾತಾಡಿದವರ ಹೆಸರು ಬೋರ್ಡಿನ ಮೇಲೆ ಬರಿ ಎಂದರು. ಸೀಮೆಸುಣ್ಣ ಕೈಗೆ ಬಂದದ್ದೇ ಎದೆ ಒಂದು ಅಂಗುಲ ಉಬ್ಬಿತು. ಎಲ್ಲರೂ ಮಾತಾಡಿದರು. ನನಗೆ ತಪ್ಪಿಲ್ಲದೆ ಬರೆಯಲು ಬರುತ್ತಿದ್ದದ್ದು ನನ್ನ ಹೆಸರು ಮಾತ್ರ. ಬೋರ್ಡು ಖಾಲಿ ಬಿಟ್ಟರೆ ಅಧಿಕಾರ ಹೋಗುತ್ತದೆ ಎಂದು ಅದನ್ನೇ ಬರೆದೆ. ಮಾಷ್ಟ್ರು ಬಂದು ನೋಡಿ ನನಗೇ ಎರಡು ಬಿಟ್ಟರು. ತೆಳುತುಟಿಯವರ ಪುಸ್ತಕ ಆಗ ಸಿಕ್ಕಿದ್ದರೆ ನನ್ನ ಬದುಕು ಬೇರೆಯೇ ಆಗುತ್ತಿತ್ತು.

ಅದಿರಲಿ. ಪರೀಕ್ಷೆಗೆ ಹತ್ತು ದಿನ ಇರುವಾಗ ಶ್ರಾವ್ಯ ಒಂದು ಕಡೆ ಸಿಕ್ಕಿಬಿದ್ದಳು. ಹೋದ ಸಲ ಕೈಕೊಟ್ಟದ್ದೂ ಅದೇ ಜಾಗವಂತೆ.

"ಜನ ಎಲ್ಲ ಸೇರಿ ಒಪ್ಪಂದ ಮಾಡ್ಕಂಡ್ರ್, ಅದ್ರಿಂದ ಸರ್ಕಾರ ಹುಟ್ಟಿತ್ ಅಂತ್ರ್ ಅಜ್ಜಯ್ಯಾ. ಆ ಒಪ್ಪಂದ ಎಲ್ಲಿತ್ತ್? ಬರ್ದವ್ರ್ ಯಾರ್? ಸೈ ಹಾಕಿದವ್ರ್ ಯಾರ್? ಬಾಯಿಪಾಠ ಮಾಡಿದ್ದೆಲ್ಲ ಬರ್ದೆ, ಇದೊಂದ್ ನಂಗೇ ಅರ್ಥ ಆಯ್ಲಿಲ್ಲೆ."

ಅವಳ ಕಣ್ಣಲ್ಲಿ ನೀರಿತ್ತು. ಒಳಗೆ ಅವಳ ತಾಯಿ ಕಾರ್ಖಾನೆಯಿಂದ ಬಂದು ಬೆರಳಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಆಗ ನನ್ನ ಬಾಯಿಂದ, "ಸೈ ಎಂತಕೆ? ನಮ್ಮ ಕಟ್ಟಕ್ಕೆ ಯಾರ್ ಸೈ ಹಾಕಿದ್ರ್?" ಎಂದು ಬಂದುಬಿಟ್ಟಿತು.

ಕಟ್ಟ ಎಂದರೆ ಈಗಿನ ಮಕ್ಕಳಿಗೆ ತಿಳಿಯದು. ಮಳೆ ನಿಂತು ತೋಡಿನ ನೀರು ಇಳಿಯತೊಡಗಿದಾಗ, ಸುಗ್ಗಿ ಬೆಳೆಗೆ ಬೇಕೆಂದು, ತೋಡಿಗೆ ಅಡ್ಡಲಾಗಿ ಎರಡು ಸಾಲು ಗೂಟ ಹೊಡೆದು, ನಡುವೆ ಸೊಪ್ಪು, ತೆಂಗಿನ ಮಡಲು ತುಂಬಿ, ಮೇಲೆ ಮಣ್ಣು ಹಾಕಿ ಮೆಟ್ಟಿ ನೀರು ನಿಲ್ಲಿಸುವುದು. ಮುಂದಿನ ಮಳೆಗಾಲದ ಮೊದಲ ನೆರೆ ಅದನ್ನು ಹೊತ್ತುಕೊಂಡು ಹೋಗುತ್ತದೆ. ಮತ್ತೆ ಕಟ್ಟಬೇಕು. ನಾನು ಚಿಕ್ಕವನಿರುವಾಗ ದೊಡ್ಮನೆಯ ಒಡೆಯರ ಆಳು ಸಂಜೆ ಗದ್ದೆಯಂಚಿನಲ್ಲಿ ನಿಂತು, "ಹ್ವಾಯ್! ನಾಳೆ ಕಟ್ಟ!" ಎಂದು ಕೂಗುತ್ತಿದ್ದ. ಮರುದಿನ ಮನೆಗೊಂದಾಳು ಹೋಗಬೇಕು. ಆಳೆಂದರೆ ಗಂಡಾಳು, ಹೆಂಗಸರು ಗಂಜಿ ತರುವವರು. ನಾನು ಅಪ್ಪಯ್ಯನ ಹಿಂದೆ ಹೋಗಿ ಅಂಗೈಯಷ್ಟು ಮಣ್ಣು ಎಸೆದು, ಕಟ್ಟ ನಿಂತದ್ದೇ ನನ್ನಿಂದ ಎಂದು ತಿಳಿಯುತ್ತಿದ್ದೆ. ಕೆಲಸ ಮುಗಿದ ಮೇಲೆ ಒಡೆಯರು ಕೊಡುವ ಓಲೆಬೆಲ್ಲ, ಅವಲಕ್ಕಿ. ಆ ಅವಲಕ್ಕಿಗೆ ಕೆಸರಿನ ಕೈಯ ರುಚಿ ಸೇರಿ ಏನೋ ಒಂದು ಆಗುತ್ತಿತ್ತು, ಈಗ ಕೈ ತೊಳೆದು ತಿಂದರೆ ಅದು ಬರುವುದಿಲ್ಲ.

ಆಮೇಲೆ ಉಳುವವನಿಗೇ ಭೂಮಿ ಎಂದು ಕಾನೂನು ಬಂತು. ಗೇಣಿ ಒಕ್ಕಲಾಗಿದ್ದ ನಾವೆಲ್ಲ ಡಿಕ್ಲರೇಶನ್ ಅರ್ಜಿ ಕೊಟ್ಟು ಒಡೆಯರಾದೆವು. ಉದ್ದಮುಖದವರು ಕೇಳಿದ್ದರೆ ಸಂತೋಷಪಡುತ್ತಿದ್ದರು. ಆ ವರ್ಷ ಮಳೆ ನಿಂತಿತು, ತೋಡು ಇಳಿಯಿತು, ಅಂಚಿನಲ್ಲಿ ಯಾರೂ ಕೂಗಲಿಲ್ಲ. ದೊಡ್ಮನೆಯವರು, "ಈಗ ನೀವೇ ಒಡೆಯರಲ್ದಾ, ನಾನ್ ಎಂತಕೆ ಕರೂದ್?" ಎಂದು ಬಾಗಿಲು ಹಾಕಿಕೊಂಡರು. ನಮ್ಮಲ್ಲಿ ಯಾರಾದರೂ ಕರೆಯೋಣವೆಂದರೆ, "ಇವ ಯಾರ್ ನಮ್ಮನ್ ಕರೂಕೆ, ಹೊಸ ಒಡೇರಾ?" ಎಂಬ ಮಾತು ಬರುತ್ತದೆ. ಎಲ್ಲರೂ ಅವರವರ ಅಂಚಿನಲ್ಲಿ ಕೂತು ತೋಡು ನೋಡಿದೆವು. ನೀರೆಲ್ಲ ಸಮುದ್ರಕ್ಕೆ ಹೋಯಿತು. ಸುಗ್ಗಿ ಗದ್ದೆ ಬಿರುಕುಬಿಟ್ಟಿತು. ಅಷ್ಟೂ ಮನೆಯವರು ಸ್ವತಂತ್ರರಾಗಿ, ಒಟ್ಟಿಗೆ, ಹೊಟ್ಟೆಗೆ ಒದ್ದೆ ಬಟ್ಟೆ ಹಾಕಿಕೊಂಡೆವು.

"ಮತ್ತೆ?" ಎಂದಳು ಶ್ರಾವ್ಯ. ಕಣ್ಣೀರು ಒಣಗಿತ್ತು.

"ಮತ್ತೆಂತ? ಮರುವರ್ಷ ನಾನೇ ಹೆಡ್ಗಿ ಹೊತ್ಕಂಡ್ ಹೋಯ್ ಮೊದ್ಲ್ ಮಣ್ಣ್ ಹಾಕ್ದೆ. ಯಾರನ್ನೂ ಕರೀಲಿಲ್ಲೆ. ಕಂಡವ್ರ್ ಒಬ್ಬೊಬ್ರೇ ಬಂದ್ರ್. ಸಂಜಿ ಒಳಗೆ ಕಟ್ಟ ನಿಂತಿತ್. ಸೈ ಇಲ್ಲೆ, ಕಾಗದ ಇಲ್ಲೆ."

ಶ್ರಾವ್ಯ ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ಪುಸ್ತಕದಲ್ಲಿ ದೊಡ್ಡಗಡ್ಡದವರ ಆಚೆ ನನಗೂ ಒಂದು ಚಿತ್ರದ ಜಾಗ ಇರುವ ಹಾಗೆ. ಗಿರಿಜ ಕಡ್ಡಿ ತೆಗೆಯುತ್ತಲೇ ಇದ್ದಳು. ಒಂದೇ ಒಂದು ಕಡ್ಡಿ ಮುರಿಯಿತು. ಅವಳ ಕೈಯಲ್ಲಿ ಕಡ್ಡಿ ಮುರಿಯುವುದು ಅಪರೂಪ.

ಪರೀಕ್ಷೆ ಮುಗಿಸಿ ಬಂದ ಶ್ರಾವ್ಯ ಗೇಟಿನಿಂದಲೇ ಕೂಗಿದಳು, "ಅಜ್ಜಯ್ಯಾ, ಅದೇ ಪ್ರಶ್ನೆ ಬಂದಿತ್! ನಿಮ್ಮ ಕಟ್ಟ ಬರ್ದೆ! ನಮ್ಮ ಅಜ್ಜಯ್ಯ ಮೊದಲ ಹೆಡಿಗೆ ಮಣ್ಣು ಹಾಕಿದರು ಅಂದೇಳಿಯೇ ಬರ್ದೆ!"

ಅವತ್ತಿನಿಂದ ನನಗೆ ಊಟ ಸೇರಲಿಲ್ಲ. ನಿಜ ಬೇರೆ ಇತ್ತು.

ಗಿರಿಜ ಬೀಜಾಡಿಯವಳು, ಕಡಲ ಬದಿಯವಳು. ಕಟ್ಟವಿಲ್ಲದ ವರ್ಷ ಕಳೆದು, ಮರುವರ್ಷ ಮಳೆ ನಿಂತ ಮೇಲೆ ನಮ್ಮ ಮದುವೆ. ಅವಳ ಊರಿನಲ್ಲಿ ದಡದಿಂದ ದೊಡ್ಡ ಬಲೆ ಎಳೆಯುವಾಗ ಯಾರೂ ಯಾರನ್ನೂ ಕರೆಯುವುದಿಲ್ಲವಂತೆ. ಹಗ್ಗ ಕಂಡವರು ಹೋಗಿ ಹಿಡಿಯುವುದು, ಎಳೆದವರಿಗೆಲ್ಲ ಒಂದೊಂದು ಹಿಡಿ ಮೀನು. ಲಂಗ ಹಾಕುವ ವಯಸ್ಸಿನಲ್ಲೇ ಅವಳು ಹಗ್ಗದ ತುದಿ ಹಿಡಿದು ಬಂಗಡೆ ತಂದವಳು. ನಮ್ಮ ಮನೆಗೆ ಬಂದ ವಾರದೊಳಗೆ ತೋಡಿಗೆ ಬಟ್ಟೆ ಒಗೆಯಲು ಹೋದವಳು ನೀರು ಸುಮ್ಮನೆ ಹರಿಯುವುದನ್ನು ಕಂಡು ನನ್ನ ಅಬ್ಬಿಯನ್ನು, ಎಂದರೆ ತಾಯಿಯನ್ನು, ಕೇಳಿದಳು. "ಯಾರೂ ಕರೀಲಿಲ್ಲೆ ಮಗಾ," ಎಂದಳು ಅಬ್ಬಿ. ಕರೆಯಬೇಕು ಎಂಬುದು ಗಿರಿಜಳಿಗೆ ಅರ್ಥವೇ ಆಗಲಿಲ್ಲ. ಮರುದಿನ ಬೆಳಿಗ್ಗೆ ಕೊಟ್ಟಿಗೆಯ ಹೆಡಿಗೆ ತೆಗೆದುಕೊಂಡು ಹೋಗಿ, ನೆರೆಗೆ ಹೋಗದೆ ಉಳಿದಿದ್ದ ಹಳೆಯ ಗೂಟಗಳ ಬುಡಕ್ಕೆ ಮಣ್ಣು ಸುರಿದಳು. ಮದುವೆಯ ಬಳೆ ಇನ್ನೂ ಕೈತುಂಬ ಇತ್ತು.

ಊರೆಲ್ಲ ನಿಂತು ನಕ್ಕಿತು. ನಾನು ಓಡಿದೆ. ಮಣ್ಣು ಹೊರಲಿಕ್ಕಲ್ಲ, ಅವಳನ್ನು ಮನೆಗೆ ಎಳೆದು ತರಲಿಕ್ಕೆ. "ಹೆಣೆ, ಮರ್ಯಾದಿ ತೆಗೀಬೇಡ, ಮನಿಗ್ ನಡಿ," ಎಂದೆ. ಅವಳು, "ಒಂಚೂರ್ ಹಿಡ್ಕಣಿ," ಎಂದು ತುಂಬಿದ ಹೆಡಿಗೆಯನ್ನು ನನ್ನ ಕೈಗೆ ಕೊಟ್ಟು, ಹಾರೆ ಹಿಡಿದು ಮತ್ತೆ ಬಗ್ಗಿದಳು. ತುಂಬಿದ ಹೆಡಿಗೆ ಹಿಡಿದುಕೊಂಡು ಎಷ್ಟು ಹೊತ್ತು ಜಗಳವಾಡಲು ಸಾಧ್ಯ? ಭಾರ ತಡೆಯಲಾರದೆ ತೋಡಿಗೆ ಸುರಿದೆ. ಎರಡನೇ ಹೆಡಿಗೆ ನನ್ನದು. ಗಂಡಸೇ ಇಳಿದನಲ್ಲ ಎಂದು ಪಕ್ಕದ ಮನೆಯವ ಇಳಿದ. ಅವನು ಇಳಿದನೆಂದು ಅವನ ದಾಯಾದಿ. ಸಂಜೆಗೆ ಕಟ್ಟ ನಿಂತಿತು.

ಆಮೇಲೆ ಚಾ ಅಂಗಡಿಯಲ್ಲಿ ಕಥೆ ಹೇಳುತ್ತ ಹೇಳುತ್ತ ಎರಡನೆಯದು ಮೊದಲನೆಯದಾಯಿತು. ಯಾವಾಗ ಆಯಿತೆಂದು ನನಗೇ ಗೊತ್ತಾಗಲಿಲ್ಲ. ಐವತ್ತು ವರ್ಷದ ಹತ್ತಿರ ಅವಳು ಕೇಳುತ್ತಲೇ ಇದ್ದಳು, ಒಮ್ಮೆಯೂ ತಿದ್ದಲಿಲ್ಲ. ಈಗ ಅಲ್ಲಿ ಸಿಮೆಂಟಿನ ಕಿಂಡಿ ಅಣೆಕಟ್ಟು ಬಂದಿದೆ, ಹಲಗೆ ಹಾಕಿಸಲು ಫೋನು ಮಾಡಿ ಕಾಯಬೇಕು. ಹೆಡಿಗೆ ತೊಲೆಗೆ ಹೋಯಿತು, ಸುಳ್ಳು ಮಾತ್ರ ಗಟ್ಟಿಮುಟ್ಟಾಗಿ ಇತ್ತು. ರಿಸಲ್ಟಿಗೆ ಕಾಯುವಾಗ ಹಟ್ಟಿಯಂಗಡಿಗೆ ಹೋಗಿ ದೇವರೆದುರು ನಿಂತೆ. ಫೇಲಾದರೆ ನನ್ನ ಸುಳ್ಳಿನಿಂದ ಹುಡುಗಿ ಕಾರ್ಖಾನೆಗೆ ಹೋದ ಹಾಗೆ, ಪಾಸಾದರೆ ಸುಳ್ಳಿಗೇ ಮಾರ್ಕು ಬಿದ್ದ ಹಾಗೆ. ಏನು ಕೇಳಬೇಕೆಂದು ತಿಳಿಯದೆ ಸುಮ್ಮನೆ ಕೈಮುಗಿದು ಬಂದೆ.

ಇಂದು ಸಂಜೆ ಅಳಿಯ ಬರುವಾಗ ಕೋಳಿ ತಂದ. ಕೋಳಿ ಸಾರು, ನೀರುದೋಸೆ, ಶ್ರಾವ್ಯಳಿಗೆ ಬೇಕಾದದ್ದೇ. ಐದು ಬಟ್ಟಲು ಸುತ್ತ ಇಟ್ಟು ಎಲ್ಲರೂ ಕೂರುವಾಗ ಶ್ರಾವ್ಯ ಹೇಳಿದಳು, "ಅಜ್ಜಯ್ಯಾ, ನಮ್ಮ ಕಾಲೇಜಿನ ಮೇಡಂ ಫೋನ್ ಮಾಡಿದ್ರ್. ನಾನ್ ಎಂತ ಬರ್ದೆ ಅಂದೇಳಿ ಅವತ್ತೇ ಹೇಳಿದ್ದೆ. ಕಟ್ಟದ ಕಥಿ ಹೇಳುಕೆ ನಿಮ್ಮನ್ನ ಕ್ಲಾಸಿಗೆ ಕರ್ಕಂಡ್ ಬಾ ಅಂದ್ರ್."

ಸುಜಾತ ನಗುತ್ತಿದ್ದಳು. ಎಷ್ಟೋ ದಿನವಾಗಿತ್ತು ಅವಳ ಹಲ್ಲು ನೋಡಿ. ಆ ನಗುವಿನ ಎದುರು ಸುಮ್ಮನಿರುವುದೇ ಸುಲಭವಿತ್ತು. ಆದರೆ ಮಕ್ಕಳ ಮುಂದೆ, ಬೋರ್ಡಿನ ಪಕ್ಕದಲ್ಲಿ ನಿಂತು ಇನ್ನೊಮ್ಮೆ ನನ್ನದೇ ಹೆಸರು ಬರೆಯಲು ನನ್ನಿಂದಾಗಲಿಲ್ಲ.

"ಮೊದ್ಲ್ ಹೆಡ್ಗಿ ನಂದಲ್ಲ ಮಗಾ," ಎಂದೆ. "ನಿನ್ನ ಅಮ್ಮಮ್ಮಂದ್. ನಾನ್ ಅವ್ಳನ್ನ ಮನಿಗ್ ಎಳ್ಕಂಡ್ ಬಪ್ಪುಕೆ ಹೋದವ." ಬಳೆಯಿಂದ ಹಿಡಿದು ಎಲ್ಲ ಹೇಳಿದೆ.

ಅಳಿಯ ಬಟ್ಟಲು ನೋಡಿದ. ಶ್ರಾವ್ಯಳ ಮುಖ ಸಣ್ಣದಾಯಿತು. "ಹಾಂಗಾರೆ ನಾನ್ ಬರ್ದದ್ದ್ ಸುಳ್ಳಾ?"

ಗಿರಿಜ ದೋಸೆಯ ಕಾವಲಿಯ ಮುಂದಿನಿಂದಲೇ ಹೇಳಿದಳು, "ಕಟ್ಟ ಸುಳ್ಳಲ್ಲ, ಹೆಡ್ಗಿ ಸುಳ್ಳಲ್ಲ. ಹೊತ್ತ ತಲೆ ಮಾತ್ರ ಬೇರೆ."

"ನೀನ್ ಇಷ್ಟ್ ವರ್ಷ ಎಂತಕೆ ಹೇಳ್ಲಿಲ್ಲೆ ಅಮ್ಮಮ್ಮಾ?"

"ಹೇಳಿರೆ ಎಂತ ಸಿಕ್ಕತಿತ್? ನಾನೇ ಮೊದ್ಲ್ ಮೊದ್ಲ್ ಅಂದೇಳಿ ಊರಿಡೀ ಹೇಳ್ಕಂಡ್ ಬಂದ್ರಲ್ಲ ಇವ್ರ್, ಆ ಮಾತ್ ಉಳ್ಸ್ಕಂಬುಕೆ ಪ್ರತಿ ವರ್ಷ ಇವ್ರೇ ಮೊದ್ಲ್ ಹೋಯ್ಕಾಯ್ತ್. ಕಟ್ಟ ಒಂದ್ ವರ್ಷವೂ ತಪ್ಪಲಿಲ್ಲೆ. ನಂಗ್ ನೀರ್ ಬೇಕಿತ್, ಹೆಸ್ರ್ ಅಲ್ಲ."

ನಾನು ಲೆಕ್ಕ ಹಾಕಿ ನೋಡಿದೆ. ನಿಜ. ಚಳಿಯಿರಲಿ, ಸೊಂಟನೋವಿರಲಿ, ಪ್ರತಿ ವರ್ಷ ತೋಡಿಗೆ ಮೊದಲು ಇಳಿದವ ನಾನೇ. ತೆಳುತುಟಿಯವರು ಬೀಜಾಡಿಗೆ ಹೆಣ್ಣು ನೋಡಲು ಬರಲಿಲ್ಲ, ನನ್ನ ಪುಣ್ಯ.

ಶ್ರಾವ್ಯ ಬಿದ್ದು ಬಿದ್ದು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು, "ಕ್ಲಾಸಿಗೆ ನೀನೇ ಬರ್ಕ್ ಅಮ್ಮಮ್ಮಾ," ಎಂದಳು.

"ನಂಗ್ ಮಾತಾಡುಕ್ ಬತ್ತಿಲ್ಲೆ. ಬೇಕಾರೆ ಹೆಡ್ಗಿ ಹೊತ್ಕಂಡ್ ಬತ್ತೆ. ಮಾತಿಗ್ ಇವ್ರ್ ಇದ್ರಲ್ಲ."

ದೋಸೆ ಆರುತ್ತಿತ್ತು. ಸುಜಾತ ಹೇಳಿದಳು, "ಅಪ್ಪಯ್ಯಾ, ನೀವ್ ಸುರು ಮಾಡಿ." ಪಾಸಾದವಳು ಮೊದಲು ಉಣ್ಣಲಿ ಎಂದೆ ನಾನು. ಅಮ್ಮಮ್ಮ ಕೂರದೆ ತಾನು ಮುಟ್ಟುವುದಿಲ್ಲ ಎಂದಳು ಶ್ರಾವ್ಯ. ಅಳಿಯ ಎಲ್ಲರಿಗೂ ಸೈಡು ಕೊಟ್ಟು ಕೂತಿದ್ದ. ಐದು ಬಟ್ಟಲಿನ ಮುಂದೆ ನಾಲ್ಕು ಮಂದಿ ಒಬ್ಬರ ಮುಖ ಒಬ್ಬರು ನೋಡಿದೆವು.

"ಹ್ವಾಯ್, ಕರ್ದ್ರೆ ಮಾತ್ರ ಉಂಬುದಾ ನೀವೆಲ್ಲ?" ಎಂದು ಗಿರಿಜ ಸೌಟು ಕೆಳಗಿಟ್ಟು ಬಂದು ನನ್ನ ಪಕ್ಕ ಕೂತು, ದೋಸೆ ಹರಿದು ಸಾರಿಗೆ ಅದ್ದಿ ಬಾಯಿಗೆ ಹಾಕಿದಳು. ಅವಳು ನಮಗಿಂತ ಮೊದಲು ಉಂಡದ್ದನ್ನು ಇಷ್ಟು ವರ್ಷದಲ್ಲಿ ನಾನು ಕಂಡದ್ದು ಇದೇ ಮೊದಲು.

ಎರಡನೇ ತುತ್ತು ನನ್ನದು.